ಗೆರೆ ಎಳೆಯುವ ಮೊದಲು: ತೊಗರಿ ದರ, ಮಳೆ, ಬಿಸಿಲಿನ ಅಂಕಿಗಳ ಜೊತೆ

ಕಲಬುರಗಿಯಲ್ಲಿ ಕಂಪ್ಯೂಟರ್ ಮತ್ತು ಕೃಷಿ ವಿದ್ಯಾರ್ಥಿಗಳು ಒಟ್ಟಿಗೆ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಅಲ್ಲಿ ಪರದೆಯ ಮೇಲೆ ಕೋಡ್ ತೋರಿಸುತ್ತ ಹೋಗಿದ್ದೆ. ಇಲ್ಲಿ ಆ ಸಾಲುಗಳನ್ನು ಮಾತಿನಲ್ಲೇ ಹೇಳಿದ್ದೇನೆ. ಉಪನ್ಯಾಸ ಮುಗಿದ ಮೇಲೆ ಬಂದ ಕೆಲವು ಪ್ರಶ್ನೆಗಳೂ ಕೊನೆಯಲ್ಲಿವೆ.

ಎಲ್ಲರಿಗೂ ಶರಣು ಶರಣಾರ್ಥಿ.

ನಿಮ್ಮಲ್ಲಿ ಕೆಲವರು ಕೋಡ್ ಬಲ್ಲವರು, ಕೆಲವರು ಹೊಲ ಬಲ್ಲವರು. ಇಬ್ಬರಿಗೂ ಸಂಬಂಧಪಟ್ಟ ಮೂರು ಅಂಕಿ ಸಾಲುಗಳನ್ನು ಇವತ್ತು ಎದುರಿಗೆ ಇಟ್ಟುಕೊಳ್ಳೋಣ: ಎಪಿಎಂಸಿಯ ತೊಗರಿ ದರ, ದಿನವಹಿ ಮಳೆ, ದಿನದ ಗರಿಷ್ಠ ತಾಪಮಾನ. ಮೂರೂ ಸರ್ಕಾರಿ ಮೂಲಗಳಲ್ಲೇ ಸಿಗುತ್ತವೆ. ದರ ಕೇಂದ್ರ ಸರ್ಕಾರದ ಕೃಷಿ ಮಾರುಕಟ್ಟೆ ಜಾಲತಾಣ ಆಗ್‌ಮಾರ್ಕ್‌ನೆಟ್‌ನಲ್ಲಿದೆ. ಅಲ್ಲಿ ಕ್ವಿಂಟಲ್‌ಗೆ ಕನಿಷ್ಠ ಬೆಲೆ, ಗರಿಷ್ಠ ಬೆಲೆ, ಮಾದರಿ ಬೆಲೆ ಎಂದು ಬೇರೆ ಬೇರೆ ಕಾಲಂ ಇರುತ್ತವೆ. ಆ ದಿನ ಹೆಚ್ಚಿನ ಮಾಲು ಯಾವ ಬೆಲೆಗೆ ಹೋಯಿತೋ ಅದು ಮಾದರಿ ಬೆಲೆ. ಮಳೆ ಮತ್ತು ತಾಪಮಾನವನ್ನು ಭಾರತೀಯ ಹವಾಮಾನ ಇಲಾಖೆ ನಕ್ಷೆಯ ಚೌಕಗಳಿಗೆ ಹಂಚಿ ಕೊಡುತ್ತದೆ. ಮಳೆಯ ಲೆಕ್ಕ 1901ರಿಂದಲೂ ಇದೆ.

ಮೂರನ್ನೂ ಒಂದೇ ಅಕ್ಷದ ಮೇಲೆ ಹಾಕಿದರೆ ಏನಾಗುತ್ತದೆ ನೋಡಿ. ದರ ಏಳೆಂಟು ಸಾವಿರದ ಎತ್ತರದಲ್ಲಿ ಓಡುತ್ತದೆ. ಮಳೆ, ತಾಪಮಾನ ಎರಡೂ ತಳಕ್ಕೆ ಅಂಟಿ ಒಂದೇ ಗೆರೆಯಂತೆ ಕಾಣುತ್ತವೆ. ಒಂದೇ ದಿನ ನೂರು ಮಿಲಿಮೀಟರ್ ಸುರಿದು ಹೊಲವೆಲ್ಲ ಕೆರೆಯಾಗಿದ್ದರೂ ಆ ಗೆರೆ ಮಿಸುಕುವುದಿಲ್ಲ. ಅದಕ್ಕೆ ಸ್ಕೇಲಿಂಗ್ ಬೇಕು, ಅಂದರೆ ಅಂಕಿಗಳನ್ನು ಒಂದು ಅಳತೆಗೆ ತರಬೇಕು. ಮಳೆಯೊಂದನ್ನೇ ದಿನ ದಿನಕ್ಕೆ ಹಾಕಿದರೂ ಕಷ್ಟವೇ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬರೀ ಏರಿಳಿತ. ಈ ಸಲದ ಮುಂಗಾರು ಹೇಗಿತ್ತು ಎನ್ನುವುದು ಕಣ್ಣಿಗೆ ಹತ್ತುವುದಿಲ್ಲ. ಅದಕ್ಕೆ ಸ್ಮೂದಿಂಗ್ ಬೇಕು, ಗೆರೆಯನ್ನು ನಯಗೊಳಿಸಬೇಕು.

ಎರಡೂ ಕೋಡಿನಲ್ಲಿ ಒಂದೊಂದು ಸಾಲಿನ ಕೆಲಸ. ಪೈಥಾನ್ ಭಾಷೆಯಲ್ಲಿ ಅಂಕಿಪಟ್ಟಿಗಳಿಗೆಂದೇ ಇರುವ ಪಾಂಡಾಸ್ ಎಂಬ ಕೋಡ್ ಸಂಗ್ರಹದಲ್ಲಿ ರೋಲಿಂಗ್ ಎಂದು ಬರೆದು, ಆವರಣದೊಳಗೆ 7 ಹಾಕಿ, ಮುಂದೆ ಮೀನ್ ಎಂದರೆ ಏಳು ದಿನದ ಚಲಿಸುವ ಸರಾಸರಿ, ಅಂದರೆ ಪ್ರತಿ ದಿನಕ್ಕೂ ಅವತ್ತಿನದೂ ಸೇರಿ ಹಿಂದಿನ ಏಳು ದಿನಗಳ ಸರಾಸರಿ, ಸಿದ್ಧ. ಸಾಲು ಇಷ್ಟು ಚಿಕ್ಕದಾದ್ದರಿಂದಲೇ ಅದರೊಳಗೆ ಕೂತ ನಿರ್ಧಾರಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಏಳೇ ಏಕೆ? ಹದಿನೈದು ಏಕಲ್ಲ? ಯಾವುದನ್ನು ನೂರು ಎಂದು ಹಿಡಿದಿರಿ? ಇವತ್ತು ನಾನು ಹೇಳಲು ಬಂದದ್ದು ಇಷ್ಟೇ: ಈ ಪ್ರಶ್ನೆಗಳ ಉತ್ತರವನ್ನು ಅಂಕಿ ಹುಟ್ಟಿದ ಜಾಗದಿಂದ ತರಬೇಕು. ಮಾರುಕಟ್ಟೆಯ ವಾರ, ಬೆಳೆಯ ಅವಧಿ, ಮಳೆಮಾಪಕ ಓದುವ ಗಂಟೆ, ಇವು ಹೇಳಬೇಕು. ಪರದೆಯ ಮೇಲೆ ಗೆರೆ ಚಂದ ಕಾಣುವವರೆಗೆ ಸಂಖ್ಯೆ ಬದಲಿಸುತ್ತ ಹೋದರೆ ಕೊನೆಗೆ ಸಿಗುವುದು ನಮ್ಮ ಮನಸ್ಸಿನಲ್ಲಿ ಮೊದಲೇ ಇದ್ದ ಗೆರೆ.

ಖಾಲಿ ಜಾಗಗಳು

ಸ್ಕೇಲಿಂಗ್, ಸ್ಮೂದಿಂಗ್ ಎರಡಕ್ಕೂ ಮುಂಚೆ ಒಂದು ಕೆಲಸವಿದೆ. ಹವಾಮಾನ ಇಲಾಖೆಯ ಚೌಕದ ದತ್ತಾಂಶದಲ್ಲಿ ಮಳೆಯ ಅಂಕಿ ಇಲ್ಲದ ಕಡೆ ಮೈನಸ್ 999 ಎಂದಿರುತ್ತದೆ. ತಾಪಮಾನ ಇಲ್ಲದ ಕಡೆ 99.9 ಎಂದಿರುತ್ತದೆ. ಇವು ಅಳತೆಗಳಲ್ಲ, "ಇಲ್ಲಿ ಏನೂ ಇಲ್ಲ" ಎನ್ನುವ ಗುರುತುಗಳು. ಕಂಪ್ಯೂಟರಿಗೆ ಅದು ತಿಳಿಯುವುದಿಲ್ಲ, ನಾವು ತಿಳಿಸಬೇಕು.

ತಿಳಿಸದಿದ್ದರೆ ಏನಾಗುತ್ತದೆ? ಲೆಕ್ಕಕ್ಕೆ ಸುಲಭವಾಗಲೆಂದು ಅಂಕಿಗಳನ್ನು ನಾನೇ ಇಟ್ಟುಕೊಂಡು ಹೇಳುತ್ತೇನೆ. ಆರು ದಿನ ಹತ್ತತ್ತು ಮಿಲಿಮೀಟರ್ ಮಳೆ, ಏಳನೆಯ ದಿನ ಮೈನಸ್ 999. ಸರಾಸರಿ ಮೈನಸ್ 134. ಮಳೆ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲವಾದ್ದರಿಂದ ತಪ್ಪು ಕೂಡಲೇ ಗೊತ್ತಾಗುತ್ತದೆ. ಈಗ ತಾಪಮಾನ ನೋಡಿ. ಆರು ದಿನ 40 ಡಿಗ್ರಿ, ಏಳನೆಯ ದಿನ 99.9. ಸರಾಸರಿ 48.6. ನಮ್ಮ ಕಲಬುರಗಿಯ ಮೇ ತಿಂಗಳ ಚಾರ್ಟಿನಲ್ಲಿ 48.6 ಎಂದು ಕಂಡರೆ ಅಬ್ಬಾ ಎನ್ನುತ್ತೇವೆ, ಆದರೆ ನಂಬುತ್ತೇವೆ. ಕಚ್ಚಾ ಅಂಕಿಯನ್ನೇ ಹಾಕಿದ್ದರೆ 99.9 ಎದ್ದು ನಿಂತು ತನ್ನನ್ನು ತಾನೇ ತೋರಿಸಿಕೊಡುತ್ತಿತ್ತು. ನಯಗೊಳಿಸಿದ್ದರಿಂದ ತಪ್ಪು ಏಳು ದಿನಗಳಿಗೆ ಹಂಚಿಹೋಗಿ, ನಂಬುವಂಥ ರೂಪ ಪಡೆಯಿತು. ಹಾಗಾಗಿ ಕಚ್ಚಾ ಅಂಕಿಯ ಚಾರ್ಟನ್ನು ಒಮ್ಮೆಯಾದರೂ ಕಣ್ಣಾರೆ ನೋಡದೆ ರೋಲಿಂಗ್ ಎಂದು ಬರೆಯಬೇಡಿ. ಈ ಮಾತಿನಲ್ಲಿ ನಾನು ರಾಜಿಯಾಗುವುದಿಲ್ಲ.

ದರದ ಕಾಲಂನಲ್ಲಿ ಬೇರೆ ತರಹದ ಖಾಲಿ ಇರುತ್ತದೆ. ಮಾರುಕಟ್ಟೆ ರಜೆಯ ದಿನ ಆವಕ, ಅಂದರೆ ಮಾರಲು ಬಂದ ಮಾಲು, ಸೊನ್ನೆ, ಅದು ನಿಜ. ಆದರೆ ಅವತ್ತಿನ ದರ ಸೊನ್ನೆಯಲ್ಲ; ದರವೇ ಇಲ್ಲ. ಆವಕದ ಕಾಲಂನಲ್ಲಿ ಸೊನ್ನೆ ಬರೆಯಿರಿ, ದರದ ಕಾಲಂ ಖಾಲಿ ಬಿಡಿ. ರಜೆಯ ದಿನದ ಸಾಲೇ ಫೈಲಿನಲ್ಲಿ ಇರದಿದ್ದರೆ ಇನ್ನೊಂದು ತೊಡಕು. ಪಾಂಡಾಸ್‌ಗೆ ಬರೀ 7 ಎಂದರೆ ಅದು ಏಳು ಸಾಲು ಎಣಿಸುತ್ತದೆ, ಏಳು ದಿನವನ್ನಲ್ಲ. ನಡುವೆ ಎರಡು ರಜೆ ಬಂದರೆ ಆ ಏಳು ಸಾಲಿನೊಳಗೆ ಒಂಬತ್ತು ದಿನ ಕೂತಿರುತ್ತವೆ. ತಾರೀಖಿನ ಕಾಲಂ ಅನ್ನು ಇಂಡೆಕ್ಸ್ ಮಾಡಿ, 7ರ ಮುಂದೆ ದಿನ ಎಂದು ಸೂಚಿಸುವ ಡಿ ಅಕ್ಷರ ಸೇರಿಸಿ, ಉದ್ಧರಣ ಚಿಹ್ನೆಯೊಳಗೆ ಕೊಟ್ಟರೆ ಮಾತ್ರ ಅದು ನಿಜವಾದ ಏಳು ದಿನ ಹಿಡಿಯುತ್ತದೆ.

ಮಳೆಯ ತಾರೀಖಿನ ಬಗ್ಗೆಯೂ ಒಂದು ಮಾತು. ಇಲಾಖೆ ಮಳೆಮಾಪಕ ಓದುವುದು ಬೆಳಿಗ್ಗೆ 8.30ಕ್ಕೆ, ಹಿಂದಿನ 24 ಗಂಟೆಯ ಮಳೆ ಆ ತಾರೀಖಿಗೆ ಸೇರುತ್ತದೆ. ಸೋಮವಾರ ಸಂಜೆ ಗುಡುಗಿ ಸುರಿದದ್ದು ಮಂಗಳವಾರದ ಲೆಕ್ಕ. ಮಳೆ ಮತ್ತು ಆವಕವನ್ನು ಅಕ್ಕಪಕ್ಕ ಇಡುವವರು ಈ ಒಂದು ದಿನದ ಅಂತರವನ್ನು ನೆನಪಿನಲ್ಲಿಡಬೇಕು.

ಯಾವುದರಿಂದ ಭಾಗಿಸುವುದು

ಸ್ಕೇಲಿಂಗ್ ಎಂದ ಕೂಡಲೇ ಎಲ್ಲರೂ ಕಲಿಯುವುದು ಮಿನ್-ಮ್ಯಾಕ್ಸ್. ಪ್ರತಿ ಅಂಕಿಯಿಂದ ಕನಿಷ್ಠವನ್ನು ಕಳೆದು, ಗರಿಷ್ಠ-ಕನಿಷ್ಠಗಳ ಅಂತರದಿಂದ ಭಾಗಿಸುವುದು. ಎಲ್ಲವೂ ಸೊನ್ನೆಯಿಂದ ಒಂದರೊಳಗೆ ಬರುತ್ತವೆ. ಯಂತ್ರ ಕಲಿಕೆಯ ಮಾದರಿಗೆ ಉಣಿಸಲು ಇದು ಸರಿ. ಜನ ಓದುವ ಚಾರ್ಟಿಗೆ ಇದನ್ನು ನಾನು ಒಪ್ಪುವುದಿಲ್ಲ. ರೈತನಿಗೆ "ಇವತ್ತು ತೊಗರಿ 0.63" ಎಂದರೆ ಏನು ಹೇಳಿದಂತಾಯಿತು? ಇದಲ್ಲದೆ ಒಂದೇ ಒಂದು ದೊಡ್ಡ ಅಂಕಿ ಉಳಿದೆಲ್ಲವನ್ನೂ ತುಳಿದುಹಾಕುತ್ತದೆ. ಹಂಗಾಮಿನಲ್ಲಿ ಒಂದು ದಿನ 120 ಮಿಲಿಮೀಟರ್ ಬಿದ್ದಿದ್ದರೆ, ಹತ್ತು ಮಿಲಿಮೀಟರಿನ ಒಳ್ಳೆಯ ಹದಮಳೆ 0.08 ಆಗಿ ತಳ ಸೇರುತ್ತದೆ. ದಿನಾ ತಾನಾಗಿ ನವೀಕರಣವಾಗುವ ಚಾರ್ಟಾದರೆ ಇನ್ನೂ ಕಷ್ಟ: ಇವತ್ತು ಹೊಸ ಗರಿಷ್ಠ ದಾಖಲಾದರೆ ಹಳೆಯ ದಿನಗಳ ಬಿಂದುಗಳೆಲ್ಲ ಜಾಗ ಬದಲಿಸುತ್ತವೆ. ನಿನ್ನೆ ಸ್ಕ್ರೀನ್‌ಶಾಟ್ ಇಟ್ಟುಕೊಂಡವರು ಇವತ್ತಿನದಕ್ಕೆ ಹೋಲಿಸುವಂತೆಯೇ ಇಲ್ಲ.

ಸರಾಸರಿ ಕಳೆದು ಮಾನಕ ವಿಚಲನೆಯಿಂದ (ಅಂಕಿಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬ ಅಳತೆಯಿಂದ) ಭಾಗಿಸುವುದು ಇನ್ನೊಂದು ದಾರಿ. ತಾಪಮಾನದಂಥ, ಎರಡೂ ಕಡೆ ಸಮನಾಗಿ ಹರಡುವ ಅಂಕಿಗೆ ಇದು ಹೊಂದುತ್ತದೆ. ಮಳೆಗೆ ಹೊಂದುವುದಿಲ್ಲ, ಮಳೆ ಬಾರದ ದಿನಕ್ಕೆ ಮೈನಸ್ ಅಂಕಿ ಬರುತ್ತದೆ. ಸರಾಸರಿಯ ಬದಲು ಮಧ್ಯಾಂಕ (ಅಂಕಿಗಳನ್ನು ಏರಿಕೆ ಕ್ರಮದಲ್ಲಿಟ್ಟಾಗ ನಡುವಿನದು) ಕಳೆದು, ನಡುವಿನ ಅರ್ಧ ಅಂಕಿಗಳು ಹರಡಿರುವ ಅಗಲದಿಂದ ಭಾಗಿಸಿದರೆ ಅತಿರೇಕದ ಅಂಕಿಗಳ ಕಾಟ ಕಡಿಮೆಯಾಗುತ್ತದೆ. ಯಂತ್ರ ಕಲಿಕೆಯ ಸೈಕಿಟ್-ಲರ್ನ್ ಕೋಡ್ ಸಂಗ್ರಹದಲ್ಲಿ ರೋಬಸ್ಟ್ ಸ್ಕೇಲರ್ ಎನ್ನುವುದು ಮಾಡುವುದು ಇದನ್ನೇ.

ಆದರೆ ಜನ ಆಗಲೇ ಬಲ್ಲ ಅಳತೆಗೋಲು ಇರುವಾಗ ಸೂತ್ರಗಳ ಹಿಂದೆ ಏಕೆ ಹೋಗಬೇಕು? ಬಿಸಿಗಾಳಿಯ ಘೋಷಣೆಯನ್ನೇ ನೋಡಿ. ಬಯಲು ಪ್ರದೇಶದಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಿರಬೇಕು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು; ಇಲ್ಲವೇ ನೇರವಾಗಿ 45 ಮುಟ್ಟಬೇಕು. ಇದು ಹವಾಮಾನ ಇಲಾಖೆಯ ಮಾನದಂಡ. ಹಾಗಾದರೆ ತಾಪಮಾನದ ಸಾಲಿನಿಂದ ಆಯಾ ದಿನದ ವಾಡಿಕೆ ತಾಪಮಾನ ಕಳೆಯಿರಿ, 4.5ರ ಹತ್ತಿರ ಒಂದು ಅಡ್ಡಗೆರೆ ಹಾಕಿ. ಇದೂ ಸ್ಕೇಲಿಂಗೇ, ಆದರೆ ಡಿಗ್ರಿ ಡಿಗ್ರಿಯಾಗಿಯೇ ಉಳಿಯಿತು. ಮೇ ತಿಂಗಳ 42 ನಮಗೆ ಹೊಸದಲ್ಲ, ಮಾರ್ಚಿನ ಮೊದಲ ವಾರದ 42 ಆತಂಕದ ಸುದ್ದಿ. ಆ ವ್ಯತ್ಯಾಸ ಒಂದು ಕಳೆಯುವ ಲೆಕ್ಕದಿಂದ ಬಯಲಾಗುತ್ತದೆ.

ದರಕ್ಕೆ ನನ್ನ ಆಯ್ಕೆ ಸೂಚ್ಯಂಕ: ಒಂದು ದಿನವನ್ನೋ ವರ್ಷವನ್ನೋ 100 ಎಂದು ಹಿಡಿಯುವುದು. ತೊಗರಿಯ ಬೆಂಬಲ ಬೆಲೆ 2022-23ರಲ್ಲಿ ಕ್ವಿಂಟಲ್‌ಗೆ 6,600 ರೂಪಾಯಿ, ಮುಂದೆ ಕ್ರಮವಾಗಿ 7,000, 7,550, 2025-26ಕ್ಕೆ 8,000. ಮೊದಲನೆಯದನ್ನು 100 ಎಂದರೆ 106, 114, 121 ಆಗುತ್ತದೆ. ಅದೇ ತಳಹದಿಯ ಮೇಲೆ ಡೀಸೆಲ್, ಗೊಬ್ಬರ, ಕೂಲಿಯ ಸೂಚ್ಯಂಕ ಇಟ್ಟರೆ ಯಾರು ಮುಂದೆ ಓಡಿದರು ಎಂಬುದು ಘಟಕಗಳ ಗೊಂದಲವಿಲ್ಲದೆ ಕಾಣುತ್ತದೆ. ಇಲ್ಲಿ ಎಚ್ಚರ ಬೇಕಾದದ್ದು ತಳಹದಿಯ ಆಯ್ಕೆಯಲ್ಲಿ. ತೊಗರಿ ರಾಶಿಯಾಗುವುದು ಡಿಸೆಂಬರ್-ಜನವರಿಯಲ್ಲಿ. ಆವಕ ತುಂಬಿ ದರ ಕುಸಿದ ದಿನವನ್ನು 100 ಎಂದು ಹಿಡಿದರೆ ವರ್ಷವಿಡೀ ಬೆಲೆ ಏರುತ್ತಿದೆ ಎಂಬ ಚಿತ್ರ ಸಿಗುತ್ತದೆ. ಮಾಲಿಲ್ಲದ ದಿನದ ಏರುದರವನ್ನು ಹಿಡಿದರೆ ತದ್ವಿರುದ್ಧ. ಒಂದು ದಿನಕ್ಕಿಂತ ಇಡೀ ಹಂಗಾಮಿನ ಸರಾಸರಿಯನ್ನು ತಳಹದಿ ಮಾಡಿಕೊಳ್ಳುವುದು ನ್ಯಾಯ.

ಕಂಬದ ಚಾರ್ಟ್ ಎಳೆಯುವವರು ಇದೇ ಬೆಂಬಲ ಬೆಲೆಯಿಂದ ಇನ್ನೊಂದನ್ನು ಕಲಿಯಬಹುದು. ಅಕ್ಷವನ್ನು ಸೊನ್ನೆಯ ಬದಲು 6,500ರಿಂದ ಶುರು ಮಾಡಿದರೆ ಮೊದಲ ಕಂಬದ ಎತ್ತರ 100, ಕೊನೆಯದರ ಎತ್ತರ 1,500. ಶೇಕಡ 21ರ ಏರಿಕೆ ಕಣ್ಣಿಗೆ ಹದಿನೈದು ಪಟ್ಟು. ಗೆರೆಯ ಚಾರ್ಟಿನಲ್ಲಿ ಅಕ್ಷ ಸೊನ್ನೆಯಿಂದಲೇ ಶುರುವಾಗಬೇಕೆಂದಿಲ್ಲ, ಕಂಬದಲ್ಲಿ ಆಗಲೇಬೇಕು. ಎಡಕ್ಕೊಂದು ಅಕ್ಷ, ಬಲಕ್ಕೊಂದು ಅಕ್ಷ ಇಟ್ಟು ಎರಡು ಗೆರೆ ಹೆಣೆಯುವ ಅಭ್ಯಾಸವನ್ನೂ ಬಿಡಿ ಎನ್ನುತ್ತೇನೆ. ಎರಡೂ ಅಕ್ಷಗಳ ಮೇಲು-ಕೆಳಗಿನ ಮಿತಿ ನಮ್ಮ ಕೈಯಲ್ಲಿರುವುದರಿಂದ ಎರಡು ಗೆರೆಗಳನ್ನು ಎಲ್ಲಿ ಬೇಕೋ ಅಲ್ಲಿ ಕತ್ತರಿಸುವಂತೆ ಮಾಡಬಹುದು. ಒಂದರ ಕೆಳಗೊಂದು ಎರಡು ಚಿಕ್ಕ ಚಾರ್ಟ್ ಇಟ್ಟು, ಕೆಳಗೆ ಒಂದೇ ತಾರೀಖಿನ ಅಕ್ಷ ಕೊಡಿ. ಪೈಥಾನ್‌ನಲ್ಲಿ ಚಾರ್ಟ್ ಎಳೆಯುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಇದು ಒಂದೇ ಆಯ್ಕೆಯ ಕೆಲಸ.

ಎಷ್ಟು ನಯ, ಎಷ್ಟು ಅಗಲ

ಏಳು ದಿನದ ಸರಾಸರಿ ಎಂಬ ಮಾತು ಮನೆಮನೆಗೂ ಬಂದದ್ದು ಕೋವಿಡ್ ಕಾಲದಲ್ಲಿ. ದೇಶದ ಮೊದಲ ಕೋವಿಡ್ ಸಾವು ದಾಖಲಾದದ್ದು 2020ರ ಮಾರ್ಚ್‌ನಲ್ಲಿ, ನಮ್ಮ ಕಲಬುರಗಿಯಲ್ಲೇ. ಆ ದಿನಗಳ ಆತಂಕ ನಿಮಗೆ ನೆನಪಿರಬಹುದು. ಮುಂದೆ ದಿನಾ ಪ್ರಕಟವಾಗುತ್ತಿದ್ದ ಅಂಕಿಗಳಲ್ಲಿ ವಾರಕ್ಕೊಮ್ಮೆ ಇಳಿತ ಕಾಣುತ್ತಿತ್ತು. ರೋಗ ಭಾನುವಾರ ರಜೆ ತೆಗೆದುಕೊಳ್ಳುವುದಿಲ್ಲ; ಪರೀಕ್ಷೆ, ವರದಿ ಕಡಿಮೆಯಾಗುತ್ತಿದ್ದವು. ಏಳು ದಿನದ ಕಿಟಕಿಯೊಳಗೆ, ಅಂದರೆ ಒಂದು ಸಲಕ್ಕೆ ಸರಾಸರಿಗೆ ಸೇರುವ ದಿನಗಳ ಗುಂಪಿನೊಳಗೆ, ಸೋಮವಾರದಿಂದ ಭಾನುವಾರದವರೆಗೆ ಪ್ರತಿ ದಿನವೂ ಒಂದೊಂದೇ ಸಲ ಬರುವುದರಿಂದ ಆ ಅಲೆ ಅಳಿಸಿಹೋಗುತ್ತದೆ. ಹತ್ತು ದಿನದ ಕಿಟಕಿ ಇದಕ್ಕಿಂತ ದೊಡ್ಡದಾದರೂ ಆ ಕೆಲಸ ಮಾಡದು. ಹತ್ತರಲ್ಲಿ ವಾರದ ಮೂರು ದಿನಗಳು ಎರಡೆರಡು ಸಲ ಬರುತ್ತವೆ, ಹಾಗಾಗಿ ಅಲೆ ಉಳಿಯುತ್ತದೆ. ದಾಲ್ ಮಿಲ್ಲಿನಲ್ಲಿ ಜರಡಿಯ ಕಣ್ಣನ್ನು ಕಾಳಿನ ಗಾತ್ರ ನೋಡಿ ಆರಿಸುವ ಹಾಗೆ ಕಿಟಕಿಯ ಅಗಲವನ್ನು ಅಂಕಿಯ ಲಯ ನೋಡಿ ಆರಿಸಬೇಕು. ವಾರದ ರಜೆ ಇರುವ ಮಾರುಕಟ್ಟೆಯ ಆವಕಕ್ಕೆ ಏಳು ಅಥವಾ ಅದರ ಮಗ್ಗಿ. ತಿಂಗಳ ಲೆಕ್ಕದ ದರಕ್ಕೆ ಹನ್ನೆರಡು ತಿಂಗಳು.

ಕಿಟಕಿಯನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದೂ ಮುಖ್ಯ. ಪಾಂಡಾಸ್ ತಾನಾಗಿ ಹಿಂದಿನ ದಿನಗಳನ್ನಷ್ಟೇ ನೋಡುತ್ತದೆ. ಹಿಂದಿನ ಏಳು ದಿನದ ಸರಾಸರಿ ನಿಜಕ್ಕಿಂತ ಮೂರು ದಿನ ತಡವಾಗಿ ನಡೆಯುತ್ತದೆ; 31 ದಿನದ್ದು ಹದಿನೈದು ದಿನ ತಡ. ಜೂನ್ ನಡುವಿನಲ್ಲಿ ಬಿತ್ತನೆಗೆ ಕಾದು ಕೂತವನಿಗೆ ಹದಿನೈದು ದಿನ ಅಂದರೆ ಹಂಗಾಮೇ ಕೈಜಾರಿದಂತೆ. ಆಗಿಹೋದದ್ದನ್ನು ವಿವರಿಸುವ ಚಾರ್ಟಾದರೆ ಸೆಂಟರ್ ಎಂಬ ಆಯ್ಕೆಯನ್ನು ಟ್ರೂ ಮಾಡಿ, ಕಿಟಕಿಯ ನಡುವಿನ ದಿನಕ್ಕೆ ಸರಾಸರಿ ಸೇರುತ್ತದೆ.

ಹಿಂದಿನ ದಿನಗಳ ಸರಾಸರಿಯಲ್ಲಿ ಇನ್ನೊಂದು ವಿಚಿತ್ರವಿದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ. ಒಣಹವೆಯ ನಡುವೆ ಒಂದು ದಿನ 84 ಮಿಲಿಮೀಟರ್ ಬಿತ್ತು ಎನ್ನಿ. ಏಳು ದಿನದ ಸರಾಸರಿ ಅವತ್ತು 12ಕ್ಕೆ ಜಿಗಿದು, ಏಳು ದಿನ ಅಲ್ಲೇ ನಿಂತು, ಎಂಟನೆಯ ದಿನ ದಡಕ್ಕನೆ ಸೊನ್ನೆಗೆ ಬೀಳುತ್ತದೆ. ಎಂಟನೆಯ ದಿನ ಆಕಾಶದಲ್ಲಿ ಏನೂ ಆಗಿಲ್ಲ. ಹಳೆಯ ಅಂಕಿ ಕಿಟಕಿಯಿಂದ ಹೊರಗೆ ಹೋಯಿತು, ಅಷ್ಟೇ. ಘಾತೀಯ ಸರಾಸರಿಯಲ್ಲಿ ಈ ಬೀಳು ಇರುವುದಿಲ್ಲ. ಇವತ್ತಿನ ಅಂಕಿಗೆ ಕಾಲು ಭಾಗ ತೂಕ, ನಿನ್ನೆಯವರೆಗಿನ ಸರಾಸರಿಗೆ ಮುಕ್ಕಾಲು ಭಾಗ ತೂಕ ಕೊಟ್ಟರೆ ಹಳೆಯ ಮಳೆ ಮೆಲ್ಲಗೆ ಕರಗುತ್ತದೆ. ಕಾಲು ಎಂಬ ಈ ತೂಕ ಹೆಚ್ಚುಕಡಿಮೆ ಏಳು ದಿನದ ಕಿಟಕಿಗೆ ಸಮ: ಎರಡನ್ನು ದಿನಗಳ ಸಂಖ್ಯೆಗೆ ಒಂದು ಸೇರಿಸಿ ಬಂದದ್ದರಿಂದ ಭಾಗಿಸಿ, ಎರಡು ಭಾಗ ಎಂಟು. ತಡವೂ ಅದೇ ಮೂರು ದಿನ.

ಆದರೆ ಮಳೆಗೆ ಈ ಎರಡೂ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದೇ ದಿನ 84 ಮಿಲಿಮೀಟರ್, ಅಥವಾ ಏಳೂ ದಿನ ಹನ್ನೆರಡು ಹನ್ನೆರಡು. ಏಳನೆಯ ದಿನದ ಸರಾಸರಿ ಎರಡಕ್ಕೂ 12. ಹೊಲಕ್ಕೆ ಇವೆರಡೂ ಒಂದೇನಾ? ಮೊದಲನೆಯದು ಇಲಾಖೆಯ ಲೆಕ್ಕದಲ್ಲಿ ಭಾರಿ ಮಳೆ. ನಮ್ಮ ಎರೆಭೂಮಿಯಲ್ಲಿ ನೀರು ನಿಂತು ಎಳೆಯ ತೊಗರಿಯ ಬೇರು ಕೊಳೆಯುವ ಮಳೆ. ಎರಡನೆಯದು ಒಂದು ವಾರದ ಹದವಾದ ಮಳೆ. ಸರಾಸರಿ ಇವೆರಡರ ನಡುವಿನ ಗೋಡೆ ಕೆಡವಿಬಿಡುತ್ತದೆ. ಮಳೆಗೆ ಒಳ್ಳೆಯ ದಾರಿ ಕೂಡುತ್ತ ಹೋಗುವುದು. ಜೂನ್ 1ರಿಂದ ಇವತ್ತಿನವರೆಗಿನ ಒಟ್ಟು ಮಳೆಯನ್ನು ಗೆರೆಯಾಗಿ ಎಳೆದು, ಪಕ್ಕದಲ್ಲಿ ವಾಡಿಕೆಯ ಒಟ್ಟು ಮಳೆಯ ಗೆರೆ ಇಡಿ. ಇಲ್ಲಿ ಕಿಟಕಿ ಆರಿಸುವ ಪ್ರಶ್ನೆಯೇ ಇಲ್ಲ. ಗೆರೆ ಅಡ್ಡಡ್ಡ ಮಲಗಿದ್ದರೆ ಮಳೆ ಕೈಕೊಟ್ಟ ದಿನಗಳು. ನೇರ ಮೇಲೆದ್ದರೆ ಬಿರುಮಳೆ. ಜೊತೆಗೆ 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದ ದಿನಗಳ ಎಣಿಕೆ ಕೊಡಿ, ಇಲಾಖೆ ಮಳೆ ದಿನ ಎನ್ನುವುದು ಅದನ್ನೇ.

ದರದಲ್ಲಿ ಬೆರಳಚ್ಚಿನ ತಪ್ಪು ನುಸುಳುವುದು ಸಾಮಾನ್ಯ. 7,200, 7,250, 72,500, 7,300, 7,280 ಎಂಬ ಐದು ದಿನಗಳಲ್ಲಿ ನಡುವಿನದಕ್ಕೆ ಒಂದು ಸೊನ್ನೆ ಹೆಚ್ಚಾಗಿದೆ ಎನ್ನಿ. ಸರಾಸರಿ 20,306 ಬರುತ್ತದೆ, ಮಧ್ಯಾಂಕ 7,280. ಸಂಖ್ಯಾಶಾಸ್ತ್ರಜ್ಞ ಜಾನ್ ಟುಕಿ ಚಲಿಸುವ ಮಧ್ಯಾಂಕವನ್ನು ಅಷ್ಟೊಂದು ಎತ್ತಿಹಿಡಿದದ್ದು ಇದೇ ಗುಣಕ್ಕೆ: ಒಂದು ಕೆಟ್ಟ ಅಂಕಿ ಅದನ್ನು ಅಲುಗಿಸಲಾರದು. ಅದೇ ಗುಣ ಮಳೆಯಲ್ಲಿ ಮುಳುವಾಗುತ್ತದೆ. ಆರು ಒಣದಿನಗಳ ನಡುವೆ ಬಿದ್ದ 84 ಮಿಲಿಮೀಟರಿನ ಮಧ್ಯಾಂಕ ಸೊನ್ನೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳು ನೀರಿನಲ್ಲಿ ನಿಂತವು. ಅಂಥ ಕೆಲವೇ ದಿನಗಳ ಪ್ರವಾಹದ ಮೇಲೆ ಅಗಲವಾದ ಕಿಟಕಿ ಹಾಕಿದರೆ ನದಿಮಟ್ಟದ ಗೆರೆ ಅಪಾಯದ ಗೆರೆಯನ್ನು ಮುಟ್ಟದೆಯೇ ಹೋಗಬಹುದು. ಅಪಾಯ ಮಟ್ಟ, ಬಿಸಿಗಾಳಿಯ 45 ಡಿಗ್ರಿ, ಇಂಥ ಗಡಿಗಳನ್ನು ಯಾವತ್ತೂ ಕಚ್ಚಾ ಅಂಕಿಗೇ ಹೋಲಿಸಿ.

1964ರಲ್ಲಿ ಸವಿಟ್ಸ್ಕಿ ಮತ್ತು ಗೋಲೆ ರಸಾಯನ ವಿಜ್ಞಾನದ ರೋಹಿತಗಳಿಗಾಗಿ ಒಂದು ವಿಧಾನ ಕೊಟ್ಟರು. ಕಿಟಕಿಯೊಳಗೆ ಸರಾಸರಿ ತೆಗೆಯುವ ಬದಲು ಒಂದು ಪುಟ್ಟ ವಕ್ರರೇಖೆ ಹೊಂದಿಸುತ್ತಾರೆ, ಶಿಖರದ ಎತ್ತರ ಅಷ್ಟಾಗಿ ಕುಗ್ಗುವುದಿಲ್ಲ. ಪೈಥಾನ್‌ನ ಸೈಪೈ ಕೋಡ್ ಸಂಗ್ರಹದಲ್ಲಿ ಸಿದ್ಧವಾಗಿ ಸಿಗುತ್ತದೆ, ತಾಪಮಾನಕ್ಕೆ ಚೆನ್ನ. ಮಳೆಗೆ ಹಾಕಿದರೆ ಏನಾಗುತ್ತದೆ? ಐದು ಬಿಂದುಗಳ ಕಿಟಕಿಗೆ ಅದರ ತೂಕಗಳು ಮೈನಸ್ 3, 12, 17, 12, ಮೈನಸ್ 3, ಎಲ್ಲವೂ 35ರಿಂದ ಭಾಗ. ಒಣದಿನಗಳ ನಡುವೆ 70 ಮಿಲಿಮೀಟರ್ ಬಿದ್ದರೆ ಆ ದಿನಕ್ಕೆ 34, ಅಕ್ಕಪಕ್ಕಕ್ಕೆ 24, ಅದರಾಚೆಯ ದಿನಕ್ಕೆ ಮೈನಸ್ 6 ಮಿಲಿಮೀಟರ್. ಯಾವ ವಿಧಾನವನ್ನೇ ಬಳಸಿ, ಹೀಗೆ ಒಂದೇ ಒಂದು ಮುಳ್ಳಿರುವ ಸಾಲನ್ನು ಮೊದಲು ಅದಕ್ಕೆ ಕೊಟ್ಟು ಏನು ಹೊರಬರುತ್ತದೆ ನೋಡಿ. ಆ ವಿಧಾನದ ಸ್ವಭಾವವೆಲ್ಲ ತಿಳಿದುಬಿಡುತ್ತದೆ.

ಇಲ್ಲದ ಅಲೆ, ಬೀಳುವ ತುದಿ

1927ರಲ್ಲಿ ಮಾಸ್ಕೋದಲ್ಲಿದ್ದ ಯೆವ್ಗೆನಿ ಸ್ಲುಟ್ಸ್ಕಿ ಎಂಬ ಅರ್ಥಶಾಸ್ತ್ರಜ್ಞ ಸರ್ಕಾರಿ ಲಾಟರಿಯಲ್ಲಿ ಎತ್ತಿದ ಸಂಖ್ಯೆಗಳ ಕೊನೆಯ ಅಂಕಿಗಳನ್ನು ತೆಗೆದುಕೊಂಡ. ಪೂರ್ತಿ ಆಕಸ್ಮಿಕ ಅಂಕಿಗಳು. ಅವುಗಳನ್ನು ಹತ್ತತ್ತರಂತೆ ಕೂಡುತ್ತ ಹೋದ. ಸಿಕ್ಕ ಗೆರೆಯಲ್ಲಿ ಏರು ಇಳಿವುಗಳ ಅಲೆಗಳಿದ್ದವು. 1855ರಿಂದ 1877ರವರೆಗಿನ ಇಂಗ್ಲೆಂಡಿನ ವ್ಯಾಪಾರ ಚಕ್ರದ ಸೂಚ್ಯಂಕದ ಪಕ್ಕದಲ್ಲಿ ಅದನ್ನಿಟ್ಟಾಗ ಎರಡೂ ಬೆರಗಾಗುವಷ್ಟು ಹೋಲುತ್ತಿದ್ದವು. ಲಾಟರಿಯಲ್ಲಿ ಯಾವ ಚಕ್ರವೂ ಇರಲಿಲ್ಲ. ಅಲೆ ಹುಟ್ಟಿದ್ದು ಕೂಡುವ ಕ್ರಿಯೆಯಿಂದ.

ಇದನ್ನು ನೀವೇ ಮಾಡಿ ನೋಡಿ. ಪೈಥಾನ್‌ನ ಗಣಿತ ಸಂಗ್ರಹ ನಂಪೈಯಿಂದ ಸಾವಿರ ಆಕಸ್ಮಿಕ ಅಂಕಿ ತೆಗೆದು ಹತ್ತರ ಚಲಿಸುವ ಸರಾಸರಿ ಎಳೆಯಿರಿ. ಆ ಚಾರ್ಟಿನ ಕೆಳಗೆ ತೊಗರಿ ದರ ಎಂದು ಬರೆದು ಯಾರಿಗಾದರೂ ತೋರಿಸಿದರೆ, ಇಲ್ಲಿ ಏರಿತು, ಇಲ್ಲಿ ಇಳಿಯಿತು ಎಂದು ಕಾರಣ ಹುಡುಕಲು ಶುರು ಮಾಡುತ್ತಾರೆ. ಎರಡು ಸಂಬಂಧವಿಲ್ಲದ ಸಾಲುಗಳನ್ನು ನಯಗೊಳಿಸಿ ಸಹಸಂಬಂಧ (ಎರಡೂ ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ) ಲೆಕ್ಕ ಹಾಕಿದರೆ ದೊಡ್ಡ ಅಂಕಿ ಬರುವುದೂ ಇದೇ ಕಾರಣಕ್ಕೆ. ವರ್ಷದ 365 ದಿನಗಳಿಗೆ 30 ದಿನದ ಕಿಟಕಿ ಹಾಕಿದ ಮೇಲೆ ನಿಮ್ಮ ಹತ್ತಿರ ಸ್ವತಂತ್ರವಾದ ಮಾಹಿತಿ ಉಳಿಯುವುದು ಸುಮಾರು ಹನ್ನೆರಡು ಬಿಂದುಗಳಷ್ಟು ಮಾತ್ರ. ನಯಗೊಳಿಸಿದ ಸಾಲು ಕಣ್ಣಿಗೆ, ಲೆಕ್ಕಕ್ಕೆ ಕಚ್ಚಾ ಸಾಲು. ಕೋಡಿನಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ ಹೆಸರು ಕೊಡಿ, ಒಂದರ ಮೇಲೊಂದು ಬರೆದು ಅಳಿಸಬೇಡಿ.

ಇನ್ನು ತುದಿಗಳು. ನಂಪೈಯ ಕನ್ವಾಲ್ವ್ ಬಳಸಿ, ಮೋಡ್ ಸೇಮ್ ಎಂದು ಕೊಟ್ಟು ಸರಾಸರಿ ತೆಗೆಯುವವರು ಬಹಳ ಜನ. ಅದು ಸಾಲಿನ ಆಚೆ ಸೊನ್ನೆಗಳಿವೆ ಎಂದು ಹಿಡಿಯುತ್ತದೆ. ತೊಗರಿ ದರ ತಿಂಗಳಿಡೀ 7,500ರಲ್ಲೇ ನಿಂತಿದ್ದರೂ ಏಳರ ಕಿಟಕಿಯಲ್ಲಿ ಕೊನೆಯ ದಿನಕ್ಕೆ ನಾಲ್ಕು ನಿಜವಾದ ಅಂಕಿ, ಮೂರು ಸೊನ್ನೆ ಸಿಕ್ಕಿ 4,286 ಎಂದು ತೋರಿಸುತ್ತದೆ. ಗೆರೆಯ ಬಾಲ ಪಾತಾಳಕ್ಕೆ ಇಳಿದಂತೆ ಕಾಣುತ್ತದೆ. ಮಾಲು ಮನೆಯಲ್ಲಿಟ್ಟುಕೊಂಡು ಇವತ್ತು ಮಾರಲೋ, ಇನ್ನೊಂದು ವಾರ ತಡೆಯಲೋ ಎಂದು ಯೋಚಿಸುವ ರೈತ ನೋಡುವುದು ಆ ಬಾಲವನ್ನೇ. ಇಡೀ ಚಾರ್ಟಿನಲ್ಲಿ ಅವನಿಗೆ ಬೇಕಾದ ಬಿಂದು ಅದೊಂದೇ, ಅದೇ ತಪ್ಪು. ಪಾಂಡಾಸ್ ಇಲ್ಲಿ ವಾಸಿ: ಕಿಟಕಿಯನ್ನು ಬರೀ 7 ಎಂದು ಕೊಟ್ಟಾಗ ಅದು ತುಂಬದಿದ್ದರೆ ಖಾಲಿ ಬಿಡುತ್ತದೆ. ಖಾಲಿ ಬೇಡವೆಂದರೆ ಮಿನ್ ಪೀರಿಯಡ್ಸ್ ಕಡಿಮೆ ಮಾಡಿ ಇದ್ದಷ್ಟೇ ಅಂಕಿಗಳ ಸರಾಸರಿ ತೆಗೆಯಬಹುದು, ಆದರೆ ಆ ಭಾಗವನ್ನು ಚುಕ್ಕೆ ಗೆರೆಯಲ್ಲಿ ಎಳೆಯಿರಿ. ನಾಳೆಯ ಅಂಕಿ ಬಂದಾಗ ಅದು ಬದಲಾಗುವ ಗೆರೆ ಎಂದು ನೋಡುವವರಿಗೆ ಗೊತ್ತಾಗಬೇಕು.

ಕೇಳಿದ ಪ್ರಶ್ನೆಗಳು

"ಸರ್, ಮೊದ್ಲು ಸ್ಕೇಲ್ ಮಾಡ್ಬೇಕೋ ಸ್ಮೂದ್ ಮಾಡ್ಬೇಕೋ? ಹ್ಯಾಂಗ್ ಮಾಡಿದ್ರೂ ಒಂದೇ ಬರ್ತದೇನ್ರಿ?"

ಬರೀ ಕಳೆದು ಭಾಗಿಸುವ ಸ್ಕೇಲಿಂಗ್ ಆಗಿದ್ದು, ಕಳೆಯುವ ಅಂಕಿ, ಭಾಗಿಸುವ ಅಂಕಿ ಮೊದಲೇ ನಿಗದಿಯಾಗಿದ್ದರೆ ಚಲಿಸುವ ಸರಾಸರಿಗೆ ಎರಡೂ ಕ್ರಮ ಒಂದೇ. ಕನಿಷ್ಠ-ಗರಿಷ್ಠವನ್ನು ನಯಗೊಳಿಸಿದ ಮೇಲೆ ಹುಡುಕಿದರೆ ಬೇರೆಯಾಗುತ್ತದೆ, ಏಕೆಂದರೆ ಶಿಖರ ಆಗಲೇ ಕುಗ್ಗಿರುತ್ತದೆ. ಲಾಗ್ (ಲಾಗರಿದಮ್) ತೆಗೆದರಂತೂ ಖಂಡಿತ ಬೇರೆ. 4,000 ಮತ್ತು 9,000ದ ಸರಾಸರಿ 6,500. ಮೊದಲು ಲಾಗ್ ತೆಗೆದು, ಸರಾಸರಿ ಮಾಡಿ, ಹಿಂದಿರುಗಿಸಿದರೆ 6,000. ದರ ಎಷ್ಟು ಪಟ್ಟು ಏರಿತು ಎಂಬುದು ಪ್ರಶ್ನೆಯಾದರೆ ಎರಡನೆಯದು ಸರಿ. ರೈತನ ಕೈಗೆ ಬಂದ ದುಡ್ಡಿನ ಪ್ರಶ್ನೆಯಾದರೆ ಮೊದಲನೆಯದು. ಮಳೆಗೆ ಲಾಗ್ ನೇರವಾಗಿ ಆಗುವುದೇ ಇಲ್ಲ, ಸೊನ್ನೆಗೆ ಲಾಗ್ ಇಲ್ಲ.

ನಿಮಿಷಕ್ಕೊಂದು ಅಂಕಿ ಕೊಡುವ ಸೆನ್ಸರ್ ಇಟ್ಟುಕೊಂಡಿದ್ದ ವಿದ್ಯಾರ್ಥಿನಿಯೊಬ್ಬಳು ಚಾರ್ಟ್ ತೆರೆಯಲು ಬಹಳ ಹೊತ್ತಾಗುತ್ತದೆ ಎಂದಳು. ವರ್ಷಕ್ಕೆ 5,25,600 ಬಿಂದುಗಳು, ಪರದೆಯ ಅಗಲ 1,920 ಪಿಕ್ಸೆಲ್. ಒಂದು ಪಿಕ್ಸೆಲ್ ಅಗಲಕ್ಕೆ ಸುಮಾರು 274 ಬಿಂದು. ಇಲ್ಲಿ ಸರಾಸರಿ ಬೇಡ. ಪ್ರತಿ ಗುಂಪಿನ ಕನಿಷ್ಠ, ಗರಿಷ್ಠ ಎರಡನ್ನೇ ಉಳಿಸಿಕೊಂಡರೆ ಯಾವ ಮುಳ್ಳೂ ಕಳೆಯುವುದಿಲ್ಲ, ಚಾರ್ಟೂ ಬೇಗ ತೆರೆಯುತ್ತದೆ.

ಕೊನೆಯದು ಕೃಷಿ ಓದುತ್ತಿದ್ದ ಹುಡುಗನದು. "ಬೆಂಬಲ ಬೆಲಿನೂ ಅದೇ ಚಾರ್ಟಿನಾಗ ಹಾಕಿದ್ರ, ವರ್ಷಪೂರ್ತಿ ದಿನಾ ಸ್ವಲ್ಪ ಸ್ವಲ್ಪ ಏರಿದಂಗ ಕಾಣ್ತದ್ರಿ. ಅದು ಹಂಗಿಲ್ಲಲ್ರಿ?"

ಒಳ್ಳೆಯ ಕಣ್ಣು. ವರ್ಷಕ್ಕೊಂದು ಬಿಂದು ಕೊಟ್ಟರೆ ಮ್ಯಾಟ್‌ಪ್ಲಾಟ್‌ಲಿಬ್ ಎರಡು ಬಿಂದುಗಳ ನಡುವೆ ಓರೆಗೆರೆ ಎಳೆಯುತ್ತದೆ. 7,000ಕ್ಕೂ 7,550ಕ್ಕೂ ನಡುವೆ 7,300 ಎಂಬ ಬೆಂಬಲ ಬೆಲೆ ಯಾವ ದಿನವೂ ಇರಲಿಲ್ಲ. ಅಲ್ಲಿ ನಯ ಬೇಡ, ಮೆಟ್ಟಿಲು ಬೇಕು. ಡ್ರಾಸ್ಟೈಲ್ ಎಂಬ ಆಯ್ಕೆಯನ್ನು ಸ್ಟೆಪ್ಸ್-ಪೋಸ್ಟ್ ಎಂದು ಕೊಡಿ; ಹೊಸ ಬೆಲೆ ಜಾರಿಗೆ ಬರುವ ದಿನ ಗೆರೆ ನೇರವಾಗಿ ಮೇಲೇರಿ, ಮುಂದಿನ ಹಂಗಾಮಿನವರೆಗೆ ಅಡ್ಡ ನಡೆಯುತ್ತದೆ. ಮಾರುಕಟ್ಟೆಯ ದಿನದ ದರ ಬೂದು ಚುಕ್ಕೆಗಳಾಗಿ ಹಿಂದೆ ಇರಲಿ, ಏಳು ದಿನದ ಸರಾಸರಿ ದಪ್ಪ ಗೆರೆಯಾಗಿ ಮುಂದೆ ಇರಲಿ. ಆಗ ದರ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದ ದಿನಗಳನ್ನು ಚುಕ್ಕೆಗಳಿಂದಲೇ ಎಣಿಸಬಹುದು. ಕೆಳಗೆ ಹೀಗೊಂದು ಅಡಿಬರಹ ಹಾಕಿ: "ಚುಕ್ಕೆ: ದಿನದ ಮಾದರಿ ಬೆಲೆ, ಕ್ವಿಂಟಲ್‌ಗೆ ರೂಪಾಯಿ. ದಪ್ಪ ಗೆರೆ: ನಡುವಿಟ್ಟ ಏಳು ದಿನದ ಸರಾಸರಿ, ರಜೆಯ ದಿನಗಳನ್ನು ಬಿಟ್ಟು. ಕೊನೆಯ ಮೂರು ದಿನಗಳ ಚುಕ್ಕೆ ಗೆರೆ ಬದಲಾಗಬಹುದು. ಮೆಟ್ಟಿಲು: ಬೆಂಬಲ ಬೆಲೆ."